ಶನಿವಾರ ಸಂಜೆ ಬರುತ್ತಿದ್ದವರು

ಈಸ್ಟರ್ ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಸ್ಮಶಾನದಲ್ಲಿ ಸೇರಿ ಆರಾಧನೆ ಮಾಡುವುದು ನಮ್ಮ ಸಭೆಯ ಹಳೆಯ ಪದ್ಧತಿ. ಹಿಂದಿನ ದಿನವೇ ಮನೆಮನೆಯವರು ಹೋಗಿ ಸಮಾಧಿಗಳ ಸುತ್ತಲಿನ ಹುಲ್ಲು ಕಿತ್ತು, ಸುಣ್ಣ ಬಳಿದು, ತಮ್ಮ ಅಂಗಳದ ಹೂಗಳನ್ನು ಇಟ್ಟು ಬರುತ್ತಾರೆ. ಮರುದಿನ ಮುಂಜಾನೆ ಐದು ಗಂಟೆಗೆ ಕೈಯಲ್ಲಿ ಮೇಣದ ಬತ್ತಿ ಹಿಡಿದು ಗುಡ್ಡೆ ಹತ್ತುತ್ತೇವೆ. ಕೊನೆಯ ಹಾಡು ಮುಗಿಯುವಷ್ಟರಲ್ಲಿ ಪೂರ್ವದಲ್ಲಿ ಬೆಳಕು ಮೂಡಿರುತ್ತದೆ. ಈ ವರ್ಷವೂ ಹೋಗಿದ್ದೆ. ಹತ್ತುವಾಗ ಎರಡು ಕಡೆ ನಿಂತು ದಣಿವಾರಿಸಿಕೊಳ್ಳಬೇಕಾಯಿತು.

ಅಲ್ಲಿ ನಿಂತಿದ್ದಾಗ ಒಂದು ಸಂಗತಿ ಮನಸ್ಸಿಗೆ ಬಂತು. ನೆರೆದಿದ್ದ ಅಷ್ಟು ಜನರಲ್ಲಿ ನನ್ನನ್ನು "ನೀನು" ಎಂದು ಕರೆಯುವವರು ಒಬ್ಬರೂ ಉಳಿದಿರಲಿಲ್ಲ. ಎಲ್ಲರಿಗೂ ನಾನು "ಟೀಚರ್", ಇಲ್ಲವೇ "ಅಜ್ಜಿ". "ಏ ಹುಡುಗೀ, ಜಡೆ ಸರಿಮಾಡಿಕೋ" ಎಂದು ಗದರಿಸುತ್ತಿದ್ದವರು, "ಗಂಜಿ ಉಂಡೆಯಾ?" ಎಂದು ವಿಚಾರಿಸುತ್ತಿದ್ದವರು, ಎಲ್ಲರೂ ಸುಣ್ಣ ಬಳಿದ ಆ ಸಾಲುಗಳಲ್ಲಿ ಮಲಗಿದ್ದರು. ಎಪ್ಪತ್ತು ದಾಟಿದವಳಿಗೆ ಇದೇನು ಹಂಬಲ ಎಂದು ನೀವು ನಗಬಹುದು. ಆದರೂ ಅಂದಿನಿಂದ ಅವರನ್ನು ಕುರಿತು ಬರೆಯಬೇಕೆಂದು ಅನ್ನಿಸುತ್ತಲೇ ಇದೆ.

ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬೇರೆ ಬೇರೆ ಮತಗಳವರು. ಅವರಿಗಾಗಿ ಮೊದಲು ಎರಡು ಮಾತು. ನಮ್ಮದು ಬಾಸೆಲ್ ಮಿಷನ್ನಿನ ಪರಂಪರೆಯ ಸಭೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಕಳುಹಿಸಲ್ಪಟ್ಟ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲ್ ಇವರನ್ನೆಲ್ಲ ನೀವು ನನ್ನ ತರಗತಿಯಲ್ಲೇ ಓದಿದ್ದೀರಿ. ಆದರೆ ಪಾಠಪುಸ್ತಕದಲ್ಲಿ ಇಲ್ಲದ ಒಂದು ವಿಷಯವುಂಟು. ಅಂದು ಕ್ರೈಸ್ತರಾದವರಲ್ಲಿ ಅನೇಕರು ಮನೆಯ ಹಕ್ಕನ್ನೂ ಕುಲದ ಕಸುಬನ್ನೂ ಒಂದೇ ದಿನ ಕಳೆದುಕೊಂಡರು. ಅವರಿಗೆ ಹೊಟ್ಟೆಪಾಡು ಬೇಕಾಗಿತ್ತು. ಅಚ್ಚುಕೂಟ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ, ಆಮೇಲೆ ಮಲ್ಪೆಯದು, ಇವೆಲ್ಲ ಹಾಗೆ ಅನ್ನದ ದಾರಿಯಾದವು. ಅನ್ನ ದೊರೆಯಿತು, ನೆಂಟರು? ಸತ್ತಾಗ ಹೆಗಲು ಕೊಡುವವರು, ಹೆರಿಗೆಗೆ ಬರುವವರು, ಮದುವೆಗೆ ಅಕ್ಕಿ ಆರಿಸುವವರು ಬೇಕಲ್ಲ! ರಕ್ತಸಂಬಂಧವಿಲ್ಲದವರೆಲ್ಲ ಮಾಮ, ಮಾಮಿ, ಅಜ್ಜ, ಅಜ್ಜಿ ಎಂದಾದದ್ದು ಹೀಗೆ. ನಾಲ್ಕೈದು ತಲೆಮಾರು ಕಳೆದ ಮೇಲೆ ನಾನು ಹುಟ್ಟಿದಾಗಲೂ ಆ ಮಾತಿನಲ್ಲಿ ಬಿಸಿ ಉಳಿದಿತ್ತು.

ಉಡುಪಿ ಸೀಮೆಯ ನಮ್ಮ ಸಭೆಯಲ್ಲಿ ಆಗ ಇದ್ದದ್ದು ನಲವತ್ತು ಮನೆಗಳು. ಕಾರುಗಳಿರಲಿಲ್ಲ. ದೂರದವರು ಎರಡು ಮೂರು ಮೈಲಿ ನಡೆದು, ದೋಣಿ ದಾಟಿ ಬರಬೇಕಾಗಿತ್ತು. ದೇವಾಲಯದ ಗಂಟೆ ಬಾರಿಸುತ್ತಿದ್ದ ವೃದ್ಧರೊಬ್ಬರಿದ್ದರು. ನಮಗೆಲ್ಲ ಅವರು "ಗಂಟೆ ಅಜ್ಜ". ಮೊದಲನೆಯ ಗಂಟೆ ಎಂಟಕ್ಕೆ, ಎರಡನೆಯದು ಎಂಟೂವರೆಗೆ ಎಂದು ನಿಯಮ. ಅಜ್ಜ ಎರಡನೆಯ ಗಂಟೆಯ ಹಗ್ಗ ಹಿಡಿದು ಹೊಳೆಯ ಕಡೆ ನೋಡುತ್ತ ನಿಲ್ಲುತ್ತಿದ್ದರು. ದೋಣಿಯವರು ಗದ್ದೆಯ ಹುಣಿಯ ಮೇಲೆ ಕಾಣಿಸಿಕೊಂಡು, ತೋಡು ದಾಟಿ, ಕಾಲು ತೊಳೆದು ಮೆಟ್ಟಿಲು ಹತ್ತುವವರೆಗೆ ಗಂಟೆ ಬಾರಿಸುತ್ತಿರಲಿಲ್ಲ. ಸಭಾಪಾಲಕರು ಗಡಿಯಾರ ತೋರಿಸಿದರೆ, "ಇದೇ ಬಾರಿಸಿದೆ ಅಯ್ಯನವರೇ" ಎನ್ನುವರು. ಆ ನಲವತ್ತು ವರ್ಷಗಳಲ್ಲಿ ಹೊಳೆಯಾಚೆಯವರು ಒಮ್ಮೆಯೂ ತಡವಾಗಿ ಬಂದವರೆನ್ನಿಸಿಕೊಳ್ಳಲಿಲ್ಲ.

ಹೆಂಗಸರ ಕಡೆಯ ಎರಡನೆಯ ಬೆಂಚಿನಲ್ಲಿ, ಸಣ್ಣ ಹುಡುಗಿಯರ ಬೆನ್ನ ಹಿಂದೆ, ವಿಧವೆಯಾದ ಒಬ್ಬ ಅಜ್ಜಿ ಕೂರುತ್ತಿದ್ದರು. ಅವರ ಸಂಗೀತ ಪುಸ್ತಕದ ರಟ್ಟಿನೊಳಗೆ ಬಿಳಿ ನೂಲು ಪೋಣಿಸಿದ ಸೂಜಿ ಸದಾ ಇರುತ್ತಿತ್ತು. ಎದುರು ಕುಳಿತವಳ ಲಂಗದ ಅಂಚು ಬಿಚ್ಚಿದ್ದರೆ, ರವಿಕೆಯ ಗುಂಡಿ ಹೋಗಿದ್ದರೆ, ಪ್ರಸಂಗ ನಡೆಯುತ್ತಿದ್ದಂತೆಯೇ ಸದ್ದಿಲ್ಲದೆ ಹೊಲಿದುಬಿಡುವರು. ಹಾಗೆ ಹೊಲಿಯುವಾಗ ಬೈಗುಳವೂ ಇರುತ್ತಿತ್ತು. ಕೋಮಲ ಸ್ವಭಾವದವರೆಂದು ಅವರನ್ನು ಯಾರೂ ಹೇಳಲಾರರು. ನನ್ನ ದೃಢೀಕರಣದ ದಿನ, ಜೀವನದಲ್ಲಿ ಮೊದಲ ಬಾರಿಗೆ ಸೀರೆ ಉಟ್ಟು ಬಂದವಳು ಮುಂದೆ ಮೊಣಕಾಲೂರಲು ಎದ್ದು ನಿಂತಾಗ, ಹಿಂದಿನಿಂದ ಸೆರಗು ಹಿಡಿದೆಳೆದು, "ನಿಲ್ಲು, ಅಮ್ಮ ಉಡಿಸಿದ್ದೋ ಬೆಕ್ಕು ಉಡಿಸಿದ್ದೋ" ಎಂದು ಪಿಸುಗುಟ್ಟಿ ನೆರಿಗೆಗೆ ಎರಡು ಹೊಲಿಗೆ ಹಾಕಿದರು. ಆಮೇಲೆ ಮೂವತ್ತಾರು ವರ್ಷ ಮಕ್ಕಳೆದುರು ಸೀರೆ ಉಟ್ಟು ನಿಂತಿದ್ದೇನೆ. ಬೆಳಿಗ್ಗೆ ನೆರಿಗೆ ಹಿಡಿಯುವಾಗ ಬೆನ್ನಿಗೆ ಆ ಬೆರಳು ತಾಗಿದಂತೆ ಈಗಲೂ ಅನ್ನಿಸುವುದುಂಟು.

ಹಾರ್ಮೋನಿಯಂ ನುಡಿಸುತ್ತಿದ್ದ ಮಾಸ್ಟರರ ವಿಷಯವನ್ನೂ ಹೇಳಬೇಕು. ನಮ್ಮ ಕನ್ನಡ ಸಂಗೀತಗಳಲ್ಲಿ ಹಲವಕ್ಕೆ ಜರ್ಮನಿಯ ಹಳೆಯ ರಾಗಗಳಿವೆ. ನಾಲ್ಕು ಸ್ವರವಿಭಾಗಗಳಲ್ಲಿ ಹಾಡುವ ಕ್ರಮ. ಗಂಟೆ ಅಜ್ಜನಿಗೆ ವಯಸ್ಸಾಗುತ್ತ ಬಂದಂತೆ ಧ್ವನಿ ಮೇಲೇರುತ್ತಿರಲಿಲ್ಲ. ಮಾಸ್ಟರರು ಯಾರಿಗೂ ಹೇಳದೆ ಶ್ರುತಿಯನ್ನು ಒಂದು ಮನೆ ಇಳಿಸಿದರು. ಮರುವರ್ಷ ಇನ್ನೊಂದು ಮನೆ. ಯುವಕರು ಗೊಣಗಿದರು. ಅಜ್ಜ ತೀರಿಕೊಂಡ ಮುಂದಿನ ಭಾನುವಾರ ರಾಗ ಹಳೆಯ ಎತ್ತರಕ್ಕೆ ಮರಳಿತು. ಅಂದು ನಮಗೆ ಹಾಡಲಾಗಲಿಲ್ಲ. ಎತ್ತರಕ್ಕೆ ಕಾರಣವೇನೆಂದು ಎಲ್ಲರಿಗೂ ತಿಳಿದುಹೋಗಿತ್ತು.

ಇವರಿಗೆಲ್ಲ ಯಾವ ಪದವಿಯೂ ಇರಲಿಲ್ಲ. ವರದಿ ಪುಸ್ತಕದಲ್ಲಿ ಇವರ ಕೆಲಸಕ್ಕೆ ಒಂದು ಸಾಲೂ ಇಲ್ಲ. ಪದವಿ ಇದ್ದವರು ಒಬ್ಬರೇ, ಸಭಾ ಹಿರಿಯರಾಗಿದ್ದ ಹಂಚಿನ ಮಾಮ. ನಾನು ನಿಜವಾಗಿ ಹೇಳಹೊರಟದ್ದು ಅವರ ಕಥೆಯನ್ನು.

ಹಂಚಿನ ಮಾಮ ಹದಿನಾಲ್ಕರ ವಯಸ್ಸಿಗೇ ಮಿಷನ್ನಿನ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಸೇರಿದವರು. 1914ರ ಮಹಾಯುದ್ಧ ಬಂದು ಜರ್ಮನ್ ಮಿಷನರಿಗಳು ಸೆರೆಯಾದದ್ದು, ಕಾರ್ಖಾನೆಗಳು ಕೈ ಬದಲಾಯಿಸಿದ್ದು, ಎಲ್ಲವನ್ನೂ ಕಂಡಿದ್ದರು. ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವರು. ಸರಿಯಾಗಿ ಬೆಂದದ್ದು ಕಂಚಿನಂತೆ ದನಿಗೊಡುತ್ತದೆ, ಒಡಕಿದ್ದರೆ ಮಣ್ಣಿನ ಸದ್ದು. ಮನುಷ್ಯರನ್ನೂ ಹಾಗೆಯೇ ತಟ್ಟಿ ನೋಡುತ್ತಿದ್ದರೆಂದು ಊರಿನವರ ತಮಾಷೆ. ಮಿತಭಾಷಿ, ನಿಷ್ಠುರ. ನಮಗೆ ಮಕ್ಕಳಿಗೆ ಅವರೆಂದರೆ ಭಯ.

1962ರ ಜುಲೈ ತಿಂಗಳಲ್ಲಿ ನನ್ನ ಅಜ್ಜಿ, ಅಂದರೆ ತಂದೆಯ ತಾಯಿ, ತೀರಿಕೊಂಡರು. ಅಜ್ಜನ ಸಮಾಧಿಯ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗವಿತ್ತು. ಅಲ್ಲೇ ಮಣ್ಣು ಮಾಡಬೇಕೆಂದು ತಂದೆಯ ಆಸೆ. ನಮ್ಮ ಸಭೆಯಲ್ಲಿ ಮಾತ್ರ ಸಾಲಿನ ನಿಯಮವಿತ್ತು: ತೀರಿಕೊಂಡ ಕ್ರಮದಲ್ಲೇ ಒಬ್ಬರ ಪಕ್ಕದಲ್ಲಿ ಒಬ್ಬರು. ಬಡವ, ಬಲ್ಲಿದ, ಸಭಾಪಾಲಕ, ಕೂಲಿ ಎಂಬ ಭೇದವಿಲ್ಲ. ಗಂಡನ ಪಕ್ಕ ಹೆಂಡತಿ ಎಂಬುದೂ ಇಲ್ಲ. ಸುರಿಯುವ ಮಳೆಯಲ್ಲಿ ನಮ್ಮ ಅಂಗಳದಲ್ಲಿ ಕೊಡೆ ಹಿಡಿದು ನಿಂತು ಹಂಚಿನ ಮಾಮ ಹೇಳಿದರು: "ಮಾಸ್ಟರೇ, ಸಾಲು ತಪ್ಪಿಸಲಾಗುವುದಿಲ್ಲ. ಇವತ್ತು ನಿಮಗೆ ತಪ್ಪಿಸಿದರೆ ನಾಳೆ ಹಣವುಳ್ಳವನು ಜಾಗ ಕೊಂಡುಕೊಳ್ಳುತ್ತಾನೆ." ತಂದೆ ಕೈಮುಗಿದು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಅಜ್ಜಿಯನ್ನು ಹೊಸ ಸಾಲಿನಲ್ಲಿ, ಒಂದು ಹಸುಗೂಸಿನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಮುಂದಿನ ಭಾನುವಾರದಿಂದ ತಂದೆ ದೇವಾಲಯಕ್ಕೆ ಹೋಗುವುದನ್ನು ನಿಲ್ಲಿಸಿದರು. ನಾವು ಅಮ್ಮನೊಡನೆ ಹೋಗುತ್ತಿದ್ದೆವು. ಅವರು ಜಗಲಿಯಲ್ಲಿ ಕುಳಿತು ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ಆಗಸ್ಟಿನ ಒಂದು ಶನಿವಾರ, ದೀಪ ಹಚ್ಚುವ ಹೊತ್ತಿಗೆ, ಗದ್ದೆಯ ಹುಣಿಯ ಮೇಲೆ ಕೊಡೆಯೊಂದು ಬರುವುದು ಕಂಡಿತು. ಹಂಚಿನ ಮಾಮ! ಆಗ ಅವರಿಗೆ ಎಪ್ಪತ್ತೆರಡು. ತಂದೆ "ಬನ್ನಿ" ಎನ್ನಲಿಲ್ಲ. ಅವರೇ ಬಂದು ಜಗಲಿಯ ತುದಿಯಲ್ಲಿ ಕುಳಿತರು. ಅಮ್ಮ ಬೆಲ್ಲ ನೀರು ತಂದಿಟ್ಟರು. ಕುಡಿದು, ಎಲೆಯಡಿಕೆ ಹಾಕಿಕೊಂಡು, ಮಾಡಿನ ಕಡೆ ನೋಡಿ, "ಮೂಲೆಯ ಹಂಚು ಒಡೆದಿದೆ" ಎಂದರು. ಸ್ವಲ್ಪ ಹೊತ್ತು ಮಳೆ ನೋಡಿದರು. "ಬರುತ್ತೇನೆ" ಎಂದು ಎದ್ದು ಹೋದರು.

ಮುಂದಿನ ಶನಿವಾರ ಬಗಲಲ್ಲಿ ಒಂದು ಹಂಚು ಹಿಡಿದುಕೊಂಡು ಬಂದರು.

ಹೀಗೆ ಒಂದು ವರ್ಷ ನಾಲ್ಕು ತಿಂಗಳು. ಮಾತೆಂದರೆ ಮಳೆ, ಬಂಗುಡೆಯ ಕ್ರಯ, ಕುಚ್ಚಲಕ್ಕಿಯ ಕ್ರಯ, ನನ್ನ ಪರೀಕ್ಷೆಯ ಅಂಕ. ದೇವಾಲಯದ ವಿಷಯ, ಸಮಾಧಿಯ ವಿಷಯ ಒಂದು ದಿನವೂ ಎತ್ತಲಿಲ್ಲ. "ಯಾಕೆ ಬರುವುದಿಲ್ಲ?" ಎಂದು ಕೇಳಲಿಲ್ಲ. ತಾನು ಮಾಡಿದ್ದು ತಪ್ಪೆಂದೂ ಹೇಳಲಿಲ್ಲ. ಅದು ತಪ್ಪೆಂದು ಅವರಿಗೆ ಅನ್ನಿಸಿರಲೂ ಇಲ್ಲ. ಮೊದಮೊದಲು ತಂದೆ ಒಳಗೆದ್ದು ಹೋಗುತ್ತಿದ್ದರು. ಕೆಲವು ತಿಂಗಳ ಮೇಲೆ ಅಲ್ಲೇ ಕುಳಿತಿರುತ್ತಿದ್ದರು. ಎರಡನೆಯ ಮಳೆಗಾಲದಲ್ಲಿ ಒಂದು ದಿನ, ಅವರು ಹೊರಡುವಾಗ ತಂದೆ ಲಾಟೀನು ಹಿಡಿದು ತೋಡಿನವರೆಗೆ ಹೋಗಿ ಬಂದರು. ಅಮ್ಮ ಒಳಗೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

1963ರ ಡಿಸೆಂಬರಿನ ಒಂದು ಶನಿವಾರ ಅವರು ಬರಲಿಲ್ಲ. ತಂದೆ ಜಗಲಿಗೂ ದಣಪೆಗೂ ಎಷ್ಟು ಸಲ ನಡೆದರೋ! ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಹೋದರು. ಜ್ವರ ಬಂದು ಮಲಗಿದ್ದರಂತೆ. ಕ್ರಿಸ್ಮಸ್ ದಿನ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದರು. ಮಾಮ ತನ್ನ ಬೆಂಚಿನಲ್ಲಿ ಸ್ವಲ್ಪ ಸರಿದು ಕುಳಿತು ತಂದೆಗೆ ಜಾಗ ಮಾಡಿಕೊಟ್ಟರು. ಅಷ್ಟೇ. ಗಂಟೆ ಅಜ್ಜ ಆ ದಿನ ಎರಡನೆಯ ಗಂಟೆಯನ್ನು ತುಸು ಹೆಚ್ಚೇ ಬಾರಿಸಿದರೆಂದು ಅಮ್ಮ ಹೇಳುತ್ತಿದ್ದರು.

ಹಂಚಿನ ಮಾಮ ತೀರಿಕೊಂಡದ್ದು 1979ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತರ ತುಂಬು ವಯಸ್ಸಿನಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ತಂದೆ ಹೃದಯಾಘಾತದಿಂದ ಹೋದರು. ಆ ಎರಡು ತಿಂಗಳ ನಡುವೆ ಸಭೆಯಲ್ಲಿ ಬೇರೆ ಯಾರ ಸಾವೂ ಆಗಿರಲಿಲ್ಲ. ಸಾಲಿನ ನಿಯಮದಂತೆ ತಂದೆಯ ಜಾಗ ಎಲ್ಲಿ ಬಂತೆಂದು ನಾನು ಹೇಳಬೇಕಾಗಿಲ್ಲ. ಮಣ್ಣು ಹಾಕಿ ಮರಳುವಾಗ ಅಮ್ಮ ಅಳುತ್ತಲೇ, "ಇನ್ನು ಶನಿವಾರ ಅವರಿಗೆ ಅಷ್ಟು ದೂರ ನಡೆಯಬೇಕಾಗಿಲ್ಲ" ಎಂದರು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸವಿನೆನಪಾಗುತ್ತಿತ್ತು. ಆದರೆ ನನ್ನದೇ ಒಂದು ತಪ್ಪನ್ನು ಮುಚ್ಚಿಟ್ಟಂತಾಗುತ್ತಿತ್ತು. ನಿಮ್ಮ ತಪ್ಪುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದವಳು ನಾನು. ನನ್ನದನ್ನೂ ಹೇಳುವುದು ನ್ಯಾಯ.

2023ರ ಮೇ ತಿಂಗಳಲ್ಲಿ ದೇವಾಲಯದ ಮಾಡಿನ ಪ್ರಶ್ನೆ ಬಂತು. ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಮಂಗಗಳು ಹಾರಿ ಹಂಚುಗಳು ಒಡೆದಿದ್ದವು. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಸರಿಮಾಡುವ ಕೆಲಸದವರೂ ಸಿಗುವುದಿಲ್ಲ. ಹಂಚು ಇಳಿಸಿ ತಗಡಿನ ಶೀಟು ಹಾಕೋಣವೆಂದು ಸಮಿತಿ ತೀರ್ಮಾನಿಸಿತು. ನನಗೆ ಸಹಿಸಲಾಗಲಿಲ್ಲ. ಬೆನ್ನಿನಲ್ಲಿ ಮಿಷನ್ನಿನ ಹೆಸರು ಅಚ್ಚೊತ್ತಿದ ಹಂಚುಗಳು ಅವು. ಹಂಚಿನ ಮಾಮನಂಥವರ ಕೈ ತಾಗಿದವು. ಸಭೆಯಲ್ಲಿ ಎದ್ದು ನಿಂತು ವಾದಿಸಿದೆ. ಖಜಾಂಚಿಯಾಗಿದ್ದವನು ನನ್ನದೇ ವಿದ್ಯಾರ್ಥಿ. ಖರ್ಚಿನ ಪಟ್ಟಿಯನ್ನು ಓದಿ, "ಟೀಚರ್, ಮರದ ಕೆಲಸ ಸೇರಿದರೆ ಮೂರು ಪಟ್ಟು ಆಗುತ್ತದೆ" ಎಂದು ವಿನಯವಾಗಿಯೇ ಹೇಳಿದ. ನಾನು ಎಲ್ಲರೆದುರು, "ಏಳನೆಯ ತರಗತಿಯಲ್ಲಿ ಎರಡು ಸಲ ಕುಳಿತವನು ನನಗೆ ಲೆಕ್ಕ ಕಲಿಸಬೇಡ" ಎಂದುಬಿಟ್ಟೆ.

ಕೆಲವರು ನಕ್ಕರು. ಅವನ ಹೆಂಡತಿ, ಮಗಳು ಅಲ್ಲೇ ಇದ್ದರು.

ಶೀಟು ಬಂತು. ನಾನು ಸಿಟ್ಟಿನಿಂದ ಹೋಗುವುದನ್ನು ನಿಲ್ಲಿಸಿದೆ. ಒಂದು ತಿಂಗಳು, ಎರಡು ತಿಂಗಳು... ಯಾರಾದರೂ ಬಂದಾರೆಂದು ಶನಿವಾರ ಸಂಜೆ ಜಗಲಿಯಲ್ಲಿ ಕೂರುತ್ತಿದ್ದೆ. ಮೊಬೈಲಿಗೆ ಸಂದೇಶಗಳು ಬಂದವು, ಹುಟ್ಟುಹಬ್ಬಕ್ಕೆ ಹೂವಿನ ಚಿತ್ರ ಬಂತು. ಮನುಷ್ಯರು ಬರಲಿಲ್ಲ. ಹತ್ತನೆಯ ತಿಂಗಳಿನಲ್ಲಿ ಮುಂಬಯಿಯಿಂದ ನನ್ನ ತಂಗಿ ಫೋನು ಮಾಡಿದಾಗ ದುಃಖ ತಡೆಯದೆ ದೂರಿಕೊಂಡೆ: "ಅಪ್ಪ ಹೋಗದಿದ್ದಾಗ ಹಂಚಿನ ಮಾಮ ಬಂದರು. ನನ್ನನ್ನು ಕೇಳುವವರು ಯಾರೂ ಇಲ್ಲ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಬರುತ್ತಿದ್ದವರೆಲ್ಲ ಗುಡ್ಡೆಯ ಮೇಲಿದ್ದಾರಲ್ಲ. ಮಾಮನಿಗೆ ಆಗ ಎಷ್ಟು ಪ್ರಾಯ? ನಿನಗೀಗ ಎಷ್ಟು?" ಎಂದಳು.

ನನಗೆ ಆಗ ಎಪ್ಪತ್ತಮೂರು.

ಅಷ್ಟು ವರ್ಷ ಆ ಹಿರಿಯರನ್ನು ನೆನೆಯುತ್ತಿದ್ದಾಗಲೆಲ್ಲ ನಾನು ಹನ್ನೆರಡರ ಹುಡುಗಿಯೇ ಆಗಿದ್ದೆ. ಅವರ ಜಾಗ ಖಾಲಿಯಾಗಿದೆ ಎಂದು ಕೊರಗುತ್ತಿದ್ದೆ. ಆ ಜಾಗದಲ್ಲಿ ಕೂರುವ ವಯಸ್ಸು ನನ್ನದಾಗಿ ಬಹಳ ಕಾಲವಾಗಿತ್ತೆಂಬುದು ಹೊಳೆದಿರಲಿಲ್ಲ.

2024ರ ಈಸ್ಟರಿಗೆ ಮರಳಿ ಹೋದೆ. ಕಣ್ಣು ಹಾಯಿಸಿದರೆ ಖಜಾಂಚಿ ಕಾಣಲಿಲ್ಲ. ಆ ಮಾತಾದ ತಿಂಗಳಲ್ಲೇ ಲೆಕ್ಕದ ಪುಸ್ತಕ ಒಪ್ಪಿಸಿ, ದೇವಾಲಯಕ್ಕೆ ಬರುವುದನ್ನು ಬಿಟ್ಟನಂತೆ. ನನ್ನ ಸಿಟ್ಟಿನಲ್ಲಿ ನಾನು ಅದನ್ನು ವಿಚಾರಿಸಿಯೂ ಇರಲಿಲ್ಲ. ನನ್ನ ಮನೆಗೆ ಯಾರೂ ಬರಲಿಲ್ಲವೆಂದು ಅಳುತ್ತಿದ್ದ ಹತ್ತು ತಿಂಗಳು, ಅವನ ಮನೆಗೂ ಯಾರೂ ಹೋಗಿರಲಿಲ್ಲ.

ಅದೇ ಜೂನ್ ತಿಂಗಳ ಒಂದು ಶನಿವಾರ ಕೊಡೆ ಹಿಡಿದು ಹೊರಟೆ. ಅವನ ಗೇಟಿನವರೆಗೆ ಹೋಗಿ ಹಿಂತಿರುಗಿ ಬಂದೆ. ಎರಡನೆಯ ವಾರ ಒಳಗೆ ಹೋದೆ. ಅವನು ಕೋಣೆಯಿಂದ ಹೊರಬರಲಿಲ್ಲ. ಹೆಂಡತಿ ಚಹಾ ಕೊಟ್ಟಳು. ಮೂರನೆಯ ವಾರ ಬಂದು ಎದುರಿಗೆ ಕುಳಿತ. ಹಂಚಿನ ಮಾಮ ಕ್ಷಮೆ ಕೇಳಲಿಲ್ಲ, ಅವರು ಕೇಳಬೇಕಾದುದೇನೂ ಇರಲಿಲ್ಲ. ನನಗೆ ಆ ಸವಲತ್ತಿಲ್ಲ. "ನಾನು ಅಂದು ಆಡಿದ ಮಾತು ಕೆಟ್ಟ ಮಾತು. ನಿನ್ನ ಮಗಳ ಎದುರು ಆಡಿದೆ, ಆದ್ದರಿಂದ ಅವಳ ಎದುರೇ ಹೇಳುತ್ತೇನೆ, ತಪ್ಪು ನನ್ನದು" ಎಂದೆ. "ಇರಲಿ ಟೀಚರ್" ಎಂದ. ಅದು ಇರಲಿ ಎನ್ನುವ ದನಿಯಾಗಿರಲಿಲ್ಲ. ಒಡಕು ಹಂಚಿನ ಸದ್ದು ನನಗೂ ತಿಳಿಯುತ್ತದೆ.

ಅಲ್ಲಿಂದ ಇಲ್ಲಿಯವರೆಗೆ, ಕಾಲು ನೋವಿನ ಕೆಲವು ವಾರಗಳನ್ನು ಬಿಟ್ಟು, ಶನಿವಾರ ತಪ್ಪಿಸಿಲ್ಲ. ಮಳೆ, ಬಂಗುಡೆಯ ಕ್ರಯ, ತೆಂಗಿನಕಾಯಿಯ ಕ್ರಯ. ಮಗಳು ಗಣಿತದ ಪುಸ್ತಕ ತರುತ್ತಾಳೆ. ಅವಳಿಗೆ ಲೆಕ್ಕ ಹೇಳಿಕೊಡುವಾಗ ಅವನು ದೂರದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಾನೆ. ದೇವಾಲಯದ ಮಾತು ಎತ್ತಬಾರದೆಂದು ನಾಲಿಗೆ ಕಚ್ಚಿಕೊಳ್ಳುತ್ತೇನೆ. ನಮ್ಮಂಥ ಬಾಯಿಬಡುಕರಿಗೆ ಇದೆಷ್ಟು ಕಷ್ಟವೆಂದು ನಿಮಗೆ ಗೊತ್ತು! ಅರವತ್ತನಾಲ್ಕು ಶನಿವಾರಗಳಿಗೂ ಮಿಕ್ಕಿ ಆ ಮನುಷ್ಯ ಹೇಗೆ ಸುಮ್ಮನಿದ್ದರು ಎಂಬುದು ನನಗೆ ಈಗ ಅರ್ಥವಾಗುತ್ತಿದೆ. ಒಳ್ಳೆಯತನವೆಂದರೆ ಹುಟ್ಟುಗುಣವೆಂದು ನಾನು ತಿಳಿದಿದ್ದೆ. ಮುಕ್ಕಾಲು ಪಾಲು ಅದು ನಡೆಯುವ ಕೆಲಸ, ಕಾಯುವ ಕೆಲಸ, ಬಾಯಿಗೆ ಬಂದದ್ದನ್ನು ನುಂಗುವ ಕೆಲಸ. ಗಂಟೆ ಅಜ್ಜನ ಕೈಗೂ ಹಗ್ಗ ಹಿಡಿದು ನಿಂತು ನೋವಾಗಿರಬೇಕು.

ಇದನ್ನೆಲ್ಲ ಬರೆಯಲು ಅವನ ಅನುಮತಿ ಕೇಳಿದೆ. "ಏಳನೆಯ ತರಗತಿಯಲ್ಲಿ ಎರಡು ಸಲ ಕುಳಿತದ್ದನ್ನೂ ಬರೆಯಿರಿ, ಎಲ್ಲರಿಗೂ ಗೊತ್ತಾಗಿಯೇ ಇದೆ" ಎಂದು ನಕ್ಕ. ಅಂದಿನ ನಂತರ ಅವನು ನನ್ನೆದುರು ನಕ್ಕದ್ದು ಅದೇ ಮೊದಲು.

ಅವನು ಇನ್ನೂ ದೇವಾಲಯಕ್ಕೆ ಬಂದಿಲ್ಲ. ಬರುತ್ತಾನೋ ಇಲ್ಲವೋ ಹೇಳಲಾರೆ. ಕಳೆದ ಶನಿವಾರ ಕತ್ತಲಾದಾಗ ಟಾರ್ಚು ಹಿಡಿದು ರಸ್ತೆಯವರೆಗೆ ಬಂದ. "ಟೀಚರ್, ಮುಂದಿನ ವಾರ ಮಳೆ ಜೋರಿದ್ದರೆ ನಡೆದು ಬರಬೇಡಿ. ನಾನೇ ಬಂದು ಕರೆದುಕೊಂಡು ಬರುತ್ತೇನೆ" ಎಂದ.

ಅವನ ಮನೆಯ ದನದ ಕೊಟ್ಟಿಗೆಗೆ ಇನ್ನೂ ಹಂಚಿನ ಮಾಡೇ ಇದೆ. ಮೂಲೆಯ ಹಂಚೊಂದು ಒಡೆದಿರುವುದನ್ನು ಗಮನಿಸಿದ್ದೇನೆ. ದೇವಾಲಯದ ಹಿತ್ತಿಲಿನಲ್ಲಿ ಇಳಿಸಿ ಪೇರಿಸಿಟ್ಟ ಹಳೆಯ ಹಂಚುಗಳಿವೆ. ತಟ್ಟಿ ನೋಡಿ ಒಂದನ್ನು ಆರಿಸಿ ಇಟ್ಟುಕೊಂಡಿದ್ದೇನೆ.